ಅಟ್ಟಹಾಸ ಸಮೇತ ಎದುರು ಪಕ್ಷ

ನನ್ನ ಪಾತ್ರ ಶುರುವಾಗುವುದೇ ನಗುವಿನಿಂದ. ‘ಅಟ್ಟಹಾಸ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದರು. ಅದರ ನಂತರದ ಸಾಲು: ‘ಹೌದು! ನನಗೆ ಮಗು ಬೇಡ, ಮೋಜು ಬೇಕು!’

“ಇದನ್ನು ಹೇಳುವವರು ಯಾರು ಅಂಕಲ್?” ಎಂದು ಕೇಳಿದೆ.

“ನೀನೇ ಮಾರಾಯ. ಗರ್ಭಪಾತದ ಪರ ಮಾತಾಡುವವ ನೀನು.”

ಮದುವೆಗಳಲ್ಲಿ ಗಂಡಿನ ಕಡೆಯವನಾಗಿ, ಹೆಣ್ಣಿನ ಕಡೆಯವನಾಗಿ, ಒಮ್ಮೆ ಠಾಣೆಯ ಮಾಜಿವಾಡಾದ ವಸತಿ ಸೊಸೈಟಿಯೊಂದರ ಗಣೇಶೋತ್ಸವದಲ್ಲಿ ನೀರಿನ ಟ್ಯಾಂಕರಿನ ಕಡೆಯವನಾಗಿಯೂ ಮೈಕ್ ಹಿಡಿದವ ನಾನು. ಈ ಕಡೆ ಮಾತ್ರ ಹೊಸದು.

ಹೀಗೆ ನನ್ನನ್ನು ಒಂದು ಪಕ್ಷಕ್ಕೆ ಸೇರಿಸಿದವರು ಮುಂಬಯಿ ಹತ್ತಿರದ ಕಲ್ಯಾಣದಲ್ಲಿರುವ, ಮಂಗಳೂರು–ಉಡುಪಿ ಕಡೆಯ ಕಥೊಲಿಕರ ಸಂಘದ ಖಜಾಂಚಿ. ಸಂಘದವರು ವರ್ಷಕ್ಕೊಮ್ಮೆ ಚರ್ಚಿನ ಸಭಾಂಗಣದಲ್ಲಿ ಕನ್ನಡದಲ್ಲೇ ಒಂದು ಚರ್ಚಾಕೂಟ ಇಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಕೊಂಕಣಿ, ಲೋಕಲ್ ರೈಲಿನಲ್ಲಿ ಹಿಂದಿ, ತರಕಾರಿ ಕೊಳ್ಳುವಾಗ ಮರಾಠಿ. ಆದರೆ ಚೊಕ್ಕವಾಗಿ ಜಗಳವಾಡಬೇಕೆಂದರೆ ಅಲ್ಲಿಯ ಹಿರಿಯರಿಗೆ ಊರಿನ ಶಾಲೆಯಲ್ಲಿ ಕಲಿತ ಕನ್ನಡವೇ ಆಗಬೇಕು. ಈ ಸಲದ ವಿಷಯ, ಗರ್ಭಪಾತಕ್ಕೆ ಕಾನೂನಿನ ಅನುಮತಿ ಇರಬೇಕೇ ಬೇಡವೇ. ಬೇಡ ಎನ್ನುವುದಕ್ಕೆ ಜನ ಸಾಲುಗಟ್ಟಿದ್ದರು. ಇರಬೇಕು ಎನ್ನುವುದಕ್ಕೆ ಒಬ್ಬರೂ ಸಿಕ್ಕಲಿಲ್ಲವಂತೆ. ಹಾಗಾಗಿ ಹೊರಗಿನಿಂದ ನನ್ನನ್ನು ತರಿಸಿದರು. ನಿರೂಪಣೆ, ಮಿಮಿಕ್ರಿ, ಕೊನೆಗೆ ಹೌಸಿ, ಎಂದರೆ ತಂಬೋಲಾ, ಆಟದ ನಂಬರು ಕೂಗುವುದು, ಇವುಗಳ ಜೊತೆಗೆ ಎದುರು ಪಕ್ಷವೂ ಒಂದೇ ಬುಕಿಂಗಿನಲ್ಲಿ.

“ನೀನು ಹಿಂದೂ. ನಿನಗೆ ಯಾರೂ ಏನೂ ಹೇಳುದಿಲ್ಲ,” ಎಂದರು ಖಜಾಂಚಿ.

“ನನ್ನ ಅಮ್ಮ ಹೇಳ್ತಾಳೆ ಅಂಕಲ್.”

“ಅಮ್ಮನಿಗೆ ಹೌಸಿಯ ವಿಷಯ ಮಾತ್ರ ಹೇಳು.”

ಒಪ್ಪಿಕೊಂಡೆ. ಈ ಭಾಗದಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮಗಳೆಲ್ಲ ಇವರ ಪರಿಚಯದವರದೇ. ಅಲ್ಲದೆ, ಯಾರಾದರೂ ಮೈಕ್ ಕೈಗಿಟ್ಟರೆ ಬೇಡ ಎನ್ನುವ ಸ್ನಾಯು ನನ್ನ ಕತ್ತಿನಲ್ಲಿ ಬೆಳೆದೇ ಇಲ್ಲ.

ಡೊಂಬಿವಲಿಗೆ ವಾಪಸು ಬರುವಾಗ ಸ್ಲೋ ಲೋಕಲಿನ ಬಾಗಿಲಲ್ಲಿ ನಿಂತು ಖಜಾಂಚಿ ಬರೆದುಕೊಟ್ಟ ಕಾಗದ ಓದಿದೆ. ಒಬ್ಬರ ದನಿ ಹಿಡಿಯುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಗಂಟಲಿಗೆ ಹೋಗುವುದಿಲ್ಲ, ಉಸಿರಿಗೆ ಹೋಗುತ್ತೇನೆ. ಮನುಷ್ಯ ಎಲ್ಲಿ ಉಸಿರು ತೆಗೆಯುತ್ತಾನೆ, ಯಾವ ಪದದ ಮುಂದೆ ಎಡವುತ್ತಾನೆ, ಕಷ್ಟದ ಮಾತಿಗೆ ಮುಂಚೆ ಕೈ ಎಲ್ಲಿಗೆ ಹೋಗುತ್ತದೆ. ಇವು ಸಿಕ್ಕಿದರೆ ದನಿ ತಾನಾಗಿ ಹಿಂದೆ ಬರುತ್ತದೆ. ಖಜಾಂಚಿಯವರನ್ನು ನಾನು ಆಗಲೇ ಹಿಡಿದಿದ್ದೆ: ಒಣ ಕೆಮ್ಮು, ಮಾತಿಗೊಮ್ಮೆ “ಗೊತ್ತಾಯ್ತಾ?”, ಬೈಯುವ ಮುಂಚೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುವುದು. ಸುಲಭದ ಗಿರಾಕಿ.

ಕಾಗದದಲ್ಲಿ ನನ್ನ ಬಾಯಿಗೆ ಕೊಟ್ಟಿದ್ದ ಹೆಂಗಸು ಮಾತ್ರ ಸಿಕ್ಕಲಿಲ್ಲ. ಟಿವಿಯ ಡಾಕ್ಟರಮ್ಮನ ದನಿ ಹಚ್ಚಿ ನೋಡಿದೆ, ಕಳಚಿ ಬಿತ್ತು. ಠಾಣೆಯ ಮಾಲ್‌ಗಳಲ್ಲಿ ಕಿವಿಗೆ ಬೀಳುವ ಇಂಗ್ಲಿಷ್ ಕನ್ನಡ ಹಚ್ಚಿದೆ, ಕೆಮ್ಮು ಬಂತು. ಅಟ್ಟಹಾಸವನ್ನು ಮೆಲ್ಲಗೆ ಒಂದು ಸಲ ಮಾಡಿದೆ. ಪಕ್ಕದಲ್ಲಿದ್ದ ಕಾಕಾ ತಮ್ಮ ಬ್ಯಾಗನ್ನು ಎದೆಗೆ ಒತ್ತಿಕೊಂಡು ಒಳಗೆ ಸರಿದರು. ಇಡೀ ಕಾಗದದಲ್ಲಿ ಆ ಹೆಂಗಸು ಒಂದು ಕಡೆಯೂ ಉಸಿರು ತೆಗೆಯುತ್ತಿರಲಿಲ್ಲ. ಹೆದರುತ್ತಿರಲಿಲ್ಲ, ಯೋಚಿಸುತ್ತಿರಲಿಲ್ಲ, ಮನೆಯಲ್ಲಿ ಅವಳಿಗೆ ಗಂಡನೋ ಅತ್ತೆಯೋ ಇದ್ದಂತೆಯೂ ಕಾಣಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, ‘ಅಯ್ಯೋ, ನಾನು ಸೋತೆ!’ ಎಂದು ತಲೆ ತಗ್ಗಿಸಿ ನಿರ್ಗಮಿಸುತ್ತಿದ್ದಳು.

ಸೌಂಡ್ ನೋಡಲು ಸಭಾಂಗಣಕ್ಕೆ ಹೋದ ಶನಿವಾರ ಸಂಜೆ ಎರಡನೆಯ ವಿಘ್ನ. ಅಲ್ಲಿನ ಸ್ಪೀಕರುಗಳು ಗೋಡೆಗೆ ಎಷ್ಟು ಅಂಟಿಕೊಂಡಿದ್ದವೆಂದರೆ, ಮೈಕ್ ಆನ್ ಮಾಡಿದೊಡನೆ ಕಿವಿ ಸೀಳುವ ಶಿಳ್ಳೆ. ಸ್ಪೀಕರು ಮುಂದೆ ತಂದು, ಮೈಕನ್ನು ಅವುಗಳ ಬೆನ್ನ ಹಿಂದೆ ಇಟ್ಟು, ಮೇಲಿನ ಸ್ವರ ಸ್ವಲ್ಪ ಇಳಿಸಿ, ಪರೀಕ್ಷೆಗೆಂದು ಕಾಗದದ ಮೊದಲ ಸಾಲನ್ನೇ ಕೂಗಿದೆ. ಅಟ್ಟಹಾಸ ಸಮೇತ.

ಕುರ್ಚಿ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ಕೈಯಲ್ಲಿದ್ದ ಕುರ್ಚಿ ಬಿಟ್ಟು ಹೊಟ್ಟೆ ಹಿಡಿದುಕೊಂಡಳು.

“ಅರೆ ಭಾಯ್, ನನ್ನ ಬದಲು ಬಂದವನು ನೀನೇನಾ?”

“ನಿಮ್ಮ ಬದಲು?”

“ಆ ಕಡೆ ಮಾತಾಡೋಕೆ ನಾನು ಹೆಸರು ಕೊಟ್ಟಿದ್ದೆ. ಕಾಟ್ ದಿಯಾ, ಹೊಡೆದು ಹಾಕಿದ್ರು.”

ಅಂದರೆ ಒಬ್ಬರೂ ಸಿಕ್ಕಿಲ್ಲ ಎಂದಿದ್ದು ಸುಳ್ಳು, ಒಬ್ಬಳು ಸಿಕ್ಕಿದ್ದಳು. ವಾರವೆಲ್ಲ ಐರೋಲಿಯ ಕಂಪನಿಯೊಂದರಲ್ಲಿ ಕುಳಿತು ಗಿರಾಕಿಗಳ ದೂರು ಕೇಳುವುದು ಅವಳ ಕೆಲಸ. ಭಾನುವಾರ ಬೆಳಿಗ್ಗೆ ಅದೇ ಸಭಾಂಗಣದಲ್ಲಿ ಚಿಕ್ಕ ಮಕ್ಕಳಿಗೆ ದೊತೊರ್ನ್, ಎಂದರೆ ಧರ್ಮಪಾಠ, ಹೇಳಿಕೊಡುತ್ತಾಳೆ. ಎಲ್ಲರೂ ಟೀಚರ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವಳು ಹೆಸರು ಕೊಟ್ಟ ವಿಷಯ ಹರಡಿದ್ದೇ ತಡ, ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ತರಗತಿಯಿಂದ ಬಿಡಿಸಿದರು. ಉಳಿದ ತಾಯಂದಿರೂ ಅದನ್ನೇ ಯೋಚಿಸುತ್ತಿದ್ದಾರೆ ಎಂದು ಕಮಿಟಿಗೆ ಸುದ್ದಿ ಹೋಯಿತು.

“ಅಂಕಲ್ ಹೇಳಿದ್ರು, ಸುಮ್ಮನಿದ್ದರೆ ಕ್ಲಾಸು ನಿನ್ನದೇ. ಮಾತಾಡಿದರೆ ಜನವರಿಯಿಂದ ಬೇರೆಯವರನ್ನು ನೋಡಬೇಕಾಗ್ತದೆ ಅಂತ.”

“ಯಾವ ಅಂಕಲ್?”

“ನಿನ್ನ ಅಟ್ಟಹಾಸ ಬರೆದವರು. ಬಿಡಿಸಿದ್ದು ಅವರ ಸೊಸೆ. ಮಕ್ಕಳು ಅವರ ಮೊಮ್ಮಕ್ಕಳು.” ಕುರ್ಚಿಯನ್ನು ಎತ್ತಿ ಸಾಲಿಗೆ ಸೇರಿಸಿದಳು. “ನಂಗೆ ಕ್ಲಾಸು ಬೇಕು ಭಾಯ್. ಆ ಮಕ್ಕಳು ಬೇಕು. ಹಾಗಂತ ಬಾಯಿಗೆ ಬೀಗ ಹಾಕ್ಕೊಂಡು ಸತ್ಯ ಹೇಳಬೇಕು ಮಕ್ಕಳೇ ಅಂತ ಹೇಗೆ ಕಲಿಸೋದು?”

ಉತ್ತರ ಹೊಳೆಯದಾಗ ನಾನು ಮಾಡುವ ಕೆಲಸವನ್ನೇ ಮಾಡಿದೆ: ಕಲ್ಯಾಣ ಸ್ಟೇಷನ್ನಿನ ಅನೌನ್ಸ್‌ಮೆಂಟು ಹಾಕಿದೆ. ಅವಳು ನಕ್ಕಳು. ನಗಿಸಿದೆನಲ್ಲ ಎಂದು ಬೀಗುತ್ತಾ ಹೊರಗೆ ಬಂದ ಮೇಲೆ, ಬಾಯಿಗೆ ಬೀಗ ಬಿದ್ದವಳ ಜಾಗದಲ್ಲಿ ಬಾಡಿಗೆಗೆ ಬಂದ ಬಾಯಿ ನನ್ನದು ಎಂಬುದು ತಲೆಗೆ ಹೋಯಿತು. ನನ್ನ ತಲೆಗೆ ಎಲ್ಲವೂ ಸ್ಲೋ ಲೋಕಲಿನಲ್ಲೇ ಬರುವುದು.

ಸೀದಾ ಅಪ್ಪನ ಹತ್ತಿರ ಹೋದೆ. ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್. ತಿಂಗಳಿಗೊಂದು ಭಾನುವಾರ ಡೊಂಬಿವಲಿಯಲ್ಲಿ ಊರಿನವರು ಸೇರಿ ತಾಳಮದ್ದಳೆ ಮಾಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕುಳಿತಲ್ಲೇ ಪಾತ್ರವಾಗಿ ವಾದ ಮಾಡುವುದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಅಪ್ಪನಿಗೆ ಅಲ್ಲಿ ಯಾವಾಗಲೂ ಖಳನ ಪಾತ್ರ. ನನ್ನ ಕನ್ನಡವೆಲ್ಲ ಅಲ್ಲಿಂದಲೇ ಬಂದದ್ದು, ಹಾಗಾಗಿ ಸಿಟ್ಟು ಬಂದರೆ ರಿಕ್ಷಾದವನಿಗೂ “ಎಲವೋ” ಎಂದುಬಿಡುತ್ತೇನೆ.

ಸಂಜೆಯ ಗಿರಾಕಿಗಳ ನಡುವೆಯೇ ಅಪ್ಪ ಕಾಗದ ಓದಿದರು.

“ಇದರಲ್ಲಿ ಖಳನೇ ಇಲ್ಲವಲ್ಲ!”

“ಅಟ್ಟಹಾಸ ಉಂಟಲ್ಲ ಅಪ್ಪ?”

“ಅದು ಖಳನಲ್ಲ, ಬೆದರುಬೊಂಬೆ.” ಅಪ್ಪನ ಹುಬ್ಬು ವೇದಿಕೆಯ ಹುಬ್ಬಾಯಿತು. “ನಾನು ಖಳನ ಅರ್ಥ ಹೇಳುವಾಗ ನನಗೆ ನ್ಯಾಯ ನನ್ನ ಕಡೆಗೇ ಕಾಣಬೇಕು. ಎದುರಿನವನಿಗೆ ಬೆವರು ಬರಬೇಕು. ನಾನು ಮೊದಲೇ ಬಿದ್ದುಕೊಂಡರೆ ಅವನು ಗೆದ್ದದ್ದು ಯಾರನ್ನು? ಏಯ್, ಆ ಟೇಬಲ್ಲಿಗೆ ಸಾಂಬಾರ್!”

“ಖಳನ ಮಾತಾಡಿದಿರಿ ಅಂತ ಯಾರಾದರೂ ನಿಮಗೆ ಬೈದದ್ದುಂಟಾ?”

“ಸರಿಯಾಗಿ ಮಾತಾಡದಿದ್ದರೆ ಬೈದದ್ದುಂಟು.”

ಆ ಮಾತಿಗೆ ನನ್ನ ತಲೆಯಲ್ಲಿ ಫಾಸ್ಟ್ ಲೋಕಲ್ ಹೊರಟಿತು. ಪಾತ್ರ ಎಂದ ಮೇಲೆ ಮಾತು ಆಡಿದವರ ತಲೆಗೆ ಕಟ್ಟುವಂತಿಲ್ಲ. ಹಾಗಾದರೆ ಪಕ್ಷಗಳನ್ನು ಹಂಚುವುದನ್ನು ಯಾರ ಕೈಗೂ ಕೊಡದೆ ಚೀಟಿಗೆ ಬಿಟ್ಟರೆ? ಚೀಟಿಯೂ ಬೇಡ, ನಂಬರಿನ ಬಿಲ್ಲೆಗಳಿರುವ ಹೌಸಿಯ ಚೀಲವೇ ಇದೆಯಲ್ಲ. ಆ ಸಂಘದಲ್ಲಿ ಹೌಸಿಯ ಚೀಲದಿಂದ ಬಂದ ನಂಬರನ್ನು ಪ್ರಶ್ನಿಸಿದವರು ಇದುವರೆಗೆ ಹುಟ್ಟಿಲ್ಲ. ಮಾತಾಡಲು ಇಷ್ಟವಿದ್ದವರೆಲ್ಲ ಚೀಲಕ್ಕೆ ಕೈ ಹಾಕಲಿ. ಬೆಸ ಬಂದವರು ಕಾನೂನಿನ ಅನುಮತಿ ಬೇಕು ಎನ್ನಲಿ, ಸಮ ಬಂದವರು ಬೇಡ ಎನ್ನಲಿ. ಪೂರ್ತಿ ಬಲದಿಂದ. ಯಾರ ಬಾಯಲ್ಲಿ ಯಾವ ಮಾತು ಬಂದರೂ ಅದು ಪಾತ್ರದ್ದು. ಟೀಚರನ್ನು ಹಿಂದಿನ ಬಾಗಿಲಿಂದ ಒಳಗೆ ಕರೆದುಕೊಳ್ಳುವ ದಾರಿ ಇದು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಚರ್ಚಿನ ಗುರುಗಳ ಮುಂದೆ ನಿಂತೆ. ಅವರೂ ಉಡುಪಿ ಕಡೆಯವರು. ಬಾಲ್ಯದಲ್ಲಿ ಪಕ್ಕದ ಮನೆಯ ತಾಳಮದ್ದಳೆ ಕೇಳಿಯೇ ಮಾತು ಕಲಿತವರೆಂದು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆದರೂ ನನ್ನ ಪ್ರಸ್ತಾವವನ್ನು ಸುಲಭಕ್ಕೆ ಒಪ್ಪಲಿಲ್ಲ.

“ನಮ್ಮ ಬೋಧನೆ ಏನು ಅಂತ ಗೊತ್ತುಂಟಲ್ಲ ನಿನಗೆ? ಅದು ಓಟಿಗೆ ಹಾಕುವ ಸಂಗತಿಯಲ್ಲ.”

“ಗೊತ್ತು ಫಾದರ್. ಓಟು ಬೇಡ, ಬಹುಮಾನವೂ ಬೇಡ. ಬರೀ ವಾದ.”

“ಕೊನೆಗೆ ಧರ್ಮಸಭೆಯ ನಿಲುವನ್ನು ನಾನು ಹೇಳ್ತೇನೆ.”

“ಹೇಳಿ ಫಾದರ್. ಮೈಕ್ ಶಿಳ್ಳೆ ಹೊಡೆಯದ ಹಾಗೆ ನಾನು ನೋಡಿಕೊಳ್ತೇನೆ.”

ಅವರು ಖಜಾಂಚಿಯವರನ್ನು ಕರೆಸಿದರು. ಖಜಾಂಚಿ ಕೆಮ್ಮಿದರು, ಕನ್ನಡಕ ಒರೆಸಿದರು.

“ನಮ್ಮವರ ಬಾಯಿಯಲ್ಲಿ ಆ ಮಾತು ಬರುವುದಾ ಫಾದರ್? ಹುಡುಗರು ಅದನ್ನು ಕೇಳಿ ಹಾಳಾದರೆ?”

“ಹುಡುಗರ ಕೈಯಲ್ಲಿ ಫೋನ್ ಉಂಟು. ಅವರು ಕೇಳಿ ಆಗಿದೆ,” ಎಂದರು ಗುರುಗಳು. “ನಮ್ಮ ಉತ್ತರವನ್ನು ಮಾತ್ರ ಕೇಳಿಲ್ಲ. ಎದುರಿಗೆ ಬೊಂಬೆ ನಿಲ್ಲಿಸಿ ಕೊಟ್ಟ ಉತ್ತರ ಅವರಿಗೆ ಸಾಕಾಗುವುದಿಲ್ಲ. ಶಾಲೆಯಲ್ಲಿ ಭಾಷಣ ಸ್ಪರ್ಧೆಯ ಕಪ್ ಗೆದ್ದವರು ನೀವು. ಹೆದರಿಕೆಯಾ?”

ಖಜಾಂಚಿಯವರಿಗೆ ಏನು ಬೇಕಾದರೂ ಅನ್ನಬಹುದು, ಹೆದರಿಕೆ ಎನ್ನಬಾರದು. “ಚೀಲಕ್ಕೆ ಮೊದಲ ಕೈ ನನ್ನದೇ. ಗೊತ್ತಾಯ್ತಾ?” ಎಂದು ಎದ್ದು ಹೋದರು. ಅಂಥ ಸೀನಿಯರ್ ಮನುಷ್ಯನಿಗೆ ಹೌಸಿಯ ಚೀಲ ಅನ್ಯಾಯ ಮಾಡಲಾರದು ಎಂದು ಅವರು ನಂಬಿದ್ದರೆಂದು ನನ್ನ ಊಹೆ.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಅಜ್ಜಿಯಂದಿರು, ಹಿಂದೆ ಫೋನು ಹಿಡಿದ ಹುಡುಗರು, ಬಾಗಿಲ ಹತ್ತಿರ ಬೇಗ ಹೊರಡಲು ಸಿದ್ಧರಾಗಿ ನಿಂತ ಗಂಡಸರು. ಮಾತಾಡಲು ನಾಲ್ವರು ಮುಂದೆ ಬಂದರು. ಟೀಚರ್ ಎದ್ದಾಗ ಮಧ್ಯದ ಸಾಲಿನಲ್ಲಿ ಗುಸುಗುಸು ಎದ್ದಿತು. ಖಜಾಂಚಿಯವರ ಸೊಸೆ ಪಕ್ಕದವರ ಕಿವಿಗೆ ಬಾಗಿದರು. ನಾನು ಮೈಕ್ ತೆಗೆದುಕೊಂಡೆ.

“ಯಾರೂ ಗಾಬರಿಯಾಗಬೇಡಿ. ಇಲ್ಲಿ ಪಕ್ಷ ಕೊಡುವುದು ಮನಸ್ಸಲ್ಲ, ಚೀಲ!”

ಖಜಾಂಚಿ ಮೊದಲು ಕೈ ಹಾಕಿದರು. ಬಿಲ್ಲೆ ನೋಡಿ, ನಂಬರಿಗೊಂದು ಬಿರುದು ಅಂಟಿಸುವ ಹೌಸಿಯ ರಾಗದಲ್ಲೇ ಕೂಗಿದೆ: “ಅಂಬರನಾಥ ಫಾಸ್ಟ್, ಕುಳಿತುಕೊಳ್ಳಲು ಜಾಗವಿಲ್ಲ, ನಲ್ವತ್ತೇಳು!”

ನಲ್ವತ್ತೇಳು ಬೆಸ. ಸಭೆ ಹೋ ಎಂದಿತು. ಖಜಾಂಚಿ ಬಿಲ್ಲೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಟೀಚರಿಗೆ ಸಮ ಬಂತು. ಆ ಕಡೆ ಮಾತಾಡಬೇಕೆಂದು ಕ್ಲಾಸನ್ನೇ ಪಣಕ್ಕಿಟ್ಟವಳು ಈಗ ಈ ಕಡೆ ಮಾತಾಡಬೇಕು. ಅವಳು ನನ್ನನ್ನು ನೋಡಿದ ನೋಟಕ್ಕೆ ನನ್ನಲ್ಲಿ ಮಿಮಿಕ್ರಿ ಇಲ್ಲ. ಇಷ್ಟು ಜಾಣತನ ತೋರಿಸಿ ಕಟ್ಟಿದ ಹಿಂದಿನ ಬಾಗಿಲು ಪಕ್ಕದ ಮನೆಯೊಳಗೆ ತೆರೆದುಕೊಂಡಿತ್ತು.

ಖಜಾಂಚಿ ಶುರು ಮಾಡಿದ್ದು ತಾವೇ ಬರೆದ ಕಾಗದದಿಂದ. ಅಟ್ಟಹಾಸವನ್ನು ಕೈಬಿಟ್ಟರು, ‘ಮೋಜು ಬೇಕು’ ಎಂಬಲ್ಲಿಗೆ ಬಂದರು. ಹಿಂದಿನ ಹುಡುಗರು ಶಿಳ್ಳೆ ಹಾಕಿದರು. ಗುರುಗಳು ಕುಳಿತಲ್ಲಿಂದಲೇ, “ಇಷ್ಟೇನಾ? ಕಪ್ ಕೊಟ್ಟ ಶಾಲೆಯ ಹೆಸರು ಕೇಳಬೇಕಾ ನಾನು?” ಎಂದರು.

ಖಜಾಂಚಿ ಓದುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಈಗ ಬೈಗುಳ ಬರುತ್ತದೆಂದು ನಾನು ಕಾದೆ. ಅವರು ಕಾಗದ ಮಡಚಿ ಕಿಸೆಗೆ ಹಾಕಿದರು.

“ನಾವು ಗಂಡಸರು,” ಎಂದರು. ಉಸಿರು ಬೇರೆ ಕಡೆಯಿಂದ ಬರುತ್ತಿತ್ತು. “ಹೆರಿಗೆ ವಾರ್ಡಿನ ಹೊರಗೆ ಚಾ ಕುಡಿಯುತ್ತಾ ನಿಂತವರು. ಒಳಗಿನ ನೋವು ನಮಗೆ ಬಾಗಿಲಾಚೆಯ ಶಬ್ದ ಮಾತ್ರ. ಹೊರಗೆ ನಿಂತವರು ಒಳಗಿನವಳಿಗೆ ಕಾನೂನು ಬರೆಯುವುದು ಸುಲಭ. ಪಾಪ ಅಂತ ನಾವು ಹೇಳ್ತೇವೆ. ಸರಿ. ಮದುವೆಯಾಗದ ಒಬ್ಬಳು ಹುಡುಗಿ ಪಾಪ ಬೇಡ ಅಂತ ಹೆತ್ತು, ಮಗು ಎತ್ತಿಕೊಂಡು ಭಾನುವಾರ ಪೂಜೆಗೆ ಬಂದಳು ಅಂತ ಇಟ್ಟುಕೊಳ್ಳಿ. ಬೆಂಚಿನಲ್ಲಿ ಸರಿದು ಜಾಗ ಕೊಡ್ತೇವಾ? ಎದೆ ಮುಟ್ಟಿ ಹೇಳಿ. ಜಾಗ ಕೊಡದವರಿಗೆ ಜೈಲು ತೋರಿಸುವ ಹಕ್ಕು ಎಲ್ಲಿಂದ ಬಂತು?”

ಕೆಮ್ಮು ಇರಲಿಲ್ಲ. “ಗೊತ್ತಾಯ್ತಾ” ಇರಲಿಲ್ಲ. ನಾನು ಹಿಡಿದಿಟ್ಟುಕೊಂಡ ಖಜಾಂಚಿ ಆ ಮನುಷ್ಯನ ಚಪ್ಪಲಿಯಷ್ಟೇ ಎಂದು ಆಗ ಗೊತ್ತಾಯಿತು. ಬಾಗಿಲ ಹತ್ತಿರದ ಗಂಡಸರು ಒಳಗೆ ಬಂದು ಕುಳಿತರು.

ಟೀಚರ್ ಎದ್ದಳು. ಅವಳಾದರೂ ಕಾಟಾಚಾರಕ್ಕೆ ಮಾತಾಡಬಹುದಿತ್ತು. ಮಾತಾಡಲಿಲ್ಲ.

“ಅಂಕಲ್, ಬೆಂಚಿನಲ್ಲಿ ಜಾಗ ಕೊಡದಿದ್ದದ್ದು ನಮ್ಮ ತಪ್ಪು. ನೂರಕ್ಕೆ ನೂರು ಒಪ್ಪಿದೆ. ಆದರೆ ನಮ್ಮ ತಪ್ಪಿಗೆ ಆ ಮಗು ಯಾಕೆ ಹೋಗಬೇಕು? ಈ ಸಭೆಯಲ್ಲಿ ನಿಮಗೆ ಮೈಕ್ ಇದೆ, ನನಗೆ ಮೈಕ್ ಇದೆ. ಇನ್ನೂ ಬಾಯಿ ಬಾರದ ಒಂದು ಜೀವ ಇದೆಯಲ್ಲ, ಅದರ ಪರ ಮಾತಾಡೋರು ಯಾರು? ಜಾಗ ಇಲ್ಲ ಅಂತಾದರೆ ಸರಿಯಬೇಕಾದವರು ನಾವು ಅಂಕಲ್. ಬರುವವರನ್ನು ತಡೆಯೋದು ಉತ್ತರ ಅಲ್ಲ.”

ಖಜಾಂಚಿ ಮರೆತು ಚಪ್ಪಾಳೆ ತಟ್ಟಿದರು. ನಂತರ ತಾವು ಯಾವ ಪಕ್ಷವೆಂದು ನೆನಪಾಗಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಉಳಿದಿಬ್ಬರೂ ಚೆನ್ನಾಗಿಯೇ ಮಾತಾಡಿದರು. ಎಲ್ಲ ಮುಗಿಯಿತು, ಇನ್ನು ಗುರುಗಳನ್ನು ಕರೆಯಬೇಕು ಎಂದು ನಾನು ಮೈಕ್ ಎತ್ತುವಷ್ಟರಲ್ಲಿ, ಮೊದಲ ಸಾಲಿನ ಹಿರಿಯಜ್ಜಿ ಟೀಚರ್ ಕಡೆಗೆ ಕೈ ಎತ್ತಿದರು. ಅವರಿಗೆ ಕಿವಿ ಮಂದ, ಹಾಗಾಗಿ ದನಿಗೆ ಮೈಕ್ ಬೇಡ.

“ಬಾಯೇ, ಮಗಳೇ, ಅರ್ಥ ಲಾಯ್ಕಾಯ್ತು. ಪಾತ್ರ ಮುಗೀತಲ್ಲ? ಈಗ ನಿನ್ನ ಮನಸ್ಸಲ್ಲಿ ಎಂತ ಉಂಟು ಹೇಳು.”

ಇದು ನನ್ನ ಲೆಕ್ಕದಲ್ಲಿರಲಿಲ್ಲ. ಟೀಚರ್ ನಕ್ಕು ಕುಳಿತುಬಿಡಬಹುದಿತ್ತು. ಆಗ ಸೊಸೆಗೂ ಸಮಾಧಾನ, ಕಮಿಟಿಗೂ ಸಮಾಧಾನ, ಕ್ಲಾಸು ಭದ್ರ. ಅವಳು ಮೈಕಿನ ಹತ್ತಿರ ವಾಪಸು ಬಂದಳು.

“ಈಗ ಹೇಳಿದ್ದರಲ್ಲಿ ಅರ್ಧ ನನ್ನದೇ ಅಜ್ಜಿ. ಅದು ಜೀವ ಅಂತ ನಾನೂ ನಂಬ್ತೇನೆ. ಆದರೆ ತೀರ್ಮಾನ ಆ ಹೆಂಗಸಿನದು. ಪೊಲೀಸು, ಕಾನೂನು ಅವಳ ಬಾಗಿಲು ಬಡಿಯಬಾರದು. ದೊತೊರ್ನಲ್ಲಿ ಮಕ್ಕಳಿಗೆ ಪುಸ್ತಕದಲ್ಲಿರೋದನ್ನೇ ಕಲಿಸ್ತೇನೆ, ಒಂದಕ್ಷರ ತಪ್ಪಿಸಲ್ಲ. ನನ್ನದೇನು ಅಂತ ಯಾರಾದರೂ ಕೇಳಿದರೆ, ಇದು.”

ಸಭಾಂಗಣದ ಫ್ಯಾನುಗಳ ಶಬ್ದ ಕೇಳಿಸತೊಡಗಿತು. ನನ್ನ ವೃತ್ತಿಯಲ್ಲಿ ಮೌನ ಎಂದರೆ ಅಪಘಾತ. ಎಲ್ಲಿ ಮೌನ ಬಿತ್ತೋ ಅಲ್ಲಿ ಒಂದು ರಿಕ್ಷಾ, ಒಂದು ಪ್ರೆಷರ್ ಕುಕ್ಕರ್, ಏನೂ ಇಲ್ಲದಿದ್ದರೆ ಒಂದು ಕಾಗೆ ಹಾಕಲೇಬೇಕು. ಕಾಗೆ ಗಂಟಲಿನವರೆಗೆ ಬಂದೇ ಬಿಟ್ಟಿತ್ತು. ಹಾಕಿದ್ದರೆ ಎಲ್ಲರೂ ನಕ್ಕು, ಅವಳು ಹೇಳಿದ್ದೂ ಒಂದು ತಮಾಷೆಯ ಹಾಗೆ ತೇಲಿ ಹೋಗುತ್ತಿತ್ತು. ಬೆರಳಿನಿಂದ ನನ್ನ ಮೈಕಿನ ಸ್ವಿಚ್ಚು ಕೆಳಗೆ ಒತ್ತಿದೆ. ಬದುಕಿನಲ್ಲಿ ಮೊದಲ ಸಲ ಸಂಭಾವನೆ ಪಡೆದು ಸುಮ್ಮನೆ ನಿಂತೆ.

ಅಜ್ಜಿ ತಲೆಯಾಡಿಸಿದರು. “ನಾನು ಒಪ್ಪುದಿಲ್ಲ,” ಎಂದು ಇಡೀ ಕಲ್ಯಾಣಕ್ಕೆ ಕೇಳುವಂತೆ ಹೇಳಿದರು. “ಆದರೆ ಈಗ ನಿನ್ನ ಮಾತು ಸಮ ಕೇಳಿಸ್ತು.”

ನಗು ಬಂತು. ಕಾಗೆಗೆ ಬರುವ ನಗು ಅಲ್ಲ, ಬೇರೆಯದು. ಗುರುಗಳು ಎದ್ದು ಧರ್ಮಸಭೆಯ ಬೋಧನೆಯನ್ನು ಸ್ಪಷ್ಟವಾಗಿ ಹೇಳಿದರು, ಏನನ್ನೂ ಸಡಿಲಿಸಲಿಲ್ಲ. ಕೊನೆಗೆ, ಬೆಂಚಿನ ಮಾತು ಎರಡೂ ಪಕ್ಷದಿಂದ ಬಂದಿದೆ, ಬರುವ ಭಾನುವಾರದಿಂದ ಎಲ್ಲರೂ ಸ್ವಲ್ಪ ಸರಿದು ಕುಳಿತುಕೊಳ್ಳಿ ಎಂದರು. ಖಜಾಂಚಿಯವರ ಸೊಸೆ ಹೌಸಿಗೂ ನಿಲ್ಲದೆ ಹೊರಟುಹೋದರು. ಆ ಸಂಘದಲ್ಲಿ ಅದಕ್ಕಿಂತ ದೊಡ್ಡ ಪ್ರತಿಭಟನೆ ಇಲ್ಲ.

ನಾನು ಮೈಕಿನ ಸ್ಟ್ಯಾಂಡು ಅಲ್ಲೇ ಮರೆತು ಬಂದಿದ್ದೆ. ಮುಂದಿನ ಭಾನುವಾರ ಅದನ್ನು ತರುವ ನೆಪದಲ್ಲಿ ಹೋದೆ. ಒಳಗೆ ದೊತೊರ್ನ್ ನಡೆಯುತ್ತಿತ್ತು. ಮಕ್ಕಳೆಲ್ಲ ಇದ್ದರು, ಮುಂದಿನ ಬೆಂಚಿನಲ್ಲಿ ಇಬ್ಬರ ಜಾಗ ಮಾತ್ರ ಖಾಲಿ. ಟೀಚರ್ ಆ ಜಾಗವನ್ನು ನೋಡದ ಹಾಗೆ ಪಾಠ ಮಾಡುತ್ತಿದ್ದಳು, ಎಂದರೆ ಅದನ್ನೇ ನೋಡುತ್ತಿದ್ದಳು.

ಸ್ಟ್ಯಾಂಡು ಮಡಚುತ್ತಿದ್ದಾಗ ಗೇಟಿನಲ್ಲಿ ಒಣ ಕೆಮ್ಮು ಕೇಳಿಸಿತು. ಖಜಾಂಚಿ ಎರಡೂ ಕೈಯಲ್ಲಿ ಒಂದೊಂದು ಮೊಮ್ಮಗುವನ್ನು ಹಿಡಿದುಕೊಂಡು ಬಂದರು. ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಓಡಿದವು. ಟೀಚರಿನ ಪಾಠ ಒಂದು ವಾಕ್ಯದ ಮಧ್ಯದಲ್ಲಿ ನಿಂತು, ಮತ್ತೆ ಶುರುವಾಯಿತು.

ಖಜಾಂಚಿ ನನ್ನನ್ನು ಕಂಡು ಗಂಭೀರವಾದರು. “ಅವತ್ತು ನಾನು ಆಡಿದ್ದು ಪಾತ್ರದ ಮಾತು. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಅಂಕಲ್.”

“ಅವಳು ಹೇಳಿದ್ದು ತಪ್ಪು.”

“ಸರಿ ಅಂಕಲ್. ಸೊಸೆ ಏನಂದರು?”

“ಅವಳು ಮನೆಯಲ್ಲಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಕಮಿಟಿಗೂ ಹೇಳಿದೆ ನಾನು. ಟೀಚರ್ ಒಂದು ನಿಮಿಷ ಹೇಳಿದ್ದನ್ನು ನಾನು ಹತ್ತು ನಿಮಿಷ ಹೇಳಿದ್ದೇನೆ. ತೆಗೆಯುವುದಾದರೆ ಖಜಾಂಚಿಯಿಂದ ಶುರು ಮಾಡಿ ಅಂತ.” ಕನ್ನಡಕ ತೆಗೆದು ಒರೆಸಿದರು. “ತಪ್ಪಾದರೂ ಎದುರಿಗೆ ನಿಂತು ಹೇಳಿದಳಲ್ಲ. ಮಕ್ಕಳು ಅಲ್ಲೇ ಕಲಿಯಲಿ.”

ಸ್ವಲ್ಪ ಹೊತ್ತು ಇಬ್ಬರೂ ಒಳಗಿನ ಪಾಠ ಕೇಳುತ್ತಾ ನಿಂತೆವು. ಆಮೇಲೆ ಅವರು ಸ್ವರ ತಗ್ಗಿಸಿದರು.

“ನೀನು ನನ್ನ ಮಿಮಿಕ್ರಿ ಮಾಡ್ತೀಯಂತೆ. ಮಾಡು, ನೋಡುವ.”

ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಮಾಡಿದೆ. ಕೆಮ್ಮಿದೆ, “ಗೊತ್ತಾಯ್ತಾ?” ಎಂದೆ, ಇಲ್ಲದ ಕನ್ನಡಕ ಒರೆಸಿ ಒಂದು ಕಾಲ್ಪನಿಕ ಮೈಕಿನವನಿಗೆ ಬೈದೆ. ರಿಕ್ಷಾ ಸ್ಟ್ಯಾಂಡಿನವರು ಗೇಟಿನಾಚೆಯಿಂದ ನಕ್ಕರು. ಖಜಾಂಚಿ ನಗಲಿಲ್ಲ.

“ಇಷ್ಟೇನಾ ನಾನು?” ಎಂದರು. “ಕೆಮ್ಮು ಯಾರಿಗೂ ಬರ್ತದೆ ಮಾರಾಯ. ಇನ್ನೊಮ್ಮೆ ಮಾಡು. ಪೂರ್ತಿ ಬಲದಿಂದ.”